ಊರಿನ ಗಾಳಿ
(ಕಡೂರು, ತರೀಕೆರೆ, ಅಜ್ಜಂಪುರಗಳ ನಡಿಗೆಯಿಂದ ಒಂದು ಪಾಠ)

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಏಳಿಗೆಯ ವರದಿಯನ್ನು ಬೇರೆಯವರು ಬರೆಯುವರೆಂದು ತಿಳಿದುದರಿಂದ, ನಮಗೆ ಬರುವ ಒಂದೇ ಕೆಲಸವನ್ನು, ಎಂದರೆ ಪಾಠ ಹೇಳುವುದನ್ನು, ಇಲ್ಲಿಯೂ ಮಾಡುವುದೆಂದು ನಿಶ್ಚಯಿಸಿದೆವು. ಹಳೆಯ ವಿದ್ಯಾರ್ಥಿನಿಯರು ಮತ್ತೊಂದು ಗಂಟೆಯ ಹೊತ್ತು ಬೆಂಚಿನ ಮೇಲೆ ಕುಳಿತಿರುವೆವೆಂದು ಭಾವಿಸಲಿ. ಪೋಷಕ ಮಹಾಶಯರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಪಾಠದ ಕೊನೆಯ ಭಾಗವು ಅವರಿಗಾಗಿಯೇ ಇರುವುದು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಪುಸ್ತಕ ಮುಚ್ಚಿ, ತಮ್ಮ ತಮ್ಮ ಊರಿನ ನಕ್ಷೆಯನ್ನು ನೆನಪಿನಿಂದಲೇ ಬರೆಯುವಂತೆ ಹೇಳಿದೆವು. ಅವರಲ್ಲಿ ಕಡೂರಿನವರಿದ್ದರು, ತರೀಕೆರೆಯವರಿದ್ದರು; ಅಜ್ಜಂಪುರದಿಂದ ಬಂದು ವಿದ್ಯಾರ್ಥಿನಿಲಯದಲ್ಲಿರುವವರೂ ಇದ್ದರು. ಭಾರತದ ನಕ್ಷೆಯಲ್ಲಿ ನರ್ಮದೆಯನ್ನೂ ಗೋದಾವರಿಯನ್ನೂ ತಪ್ಪದೆ ಗುರುತಿಸಬಲ್ಲ ಈ ಹುಡುಗಿಯರು ತಮ್ಮ ಊರನ್ನು ಒಂದೇ ಒಂದು ಗೆರೆಯಾಗಿ ಬರೆದಿದ್ದರು. ಗೆರೆಯ ಈ ತುದಿಯಲ್ಲಿ ಮನೆ, ಆ ತುದಿಯಲ್ಲಿ ಬಸ್ ನಿಲ್ದಾಣ, ನಡುವೆ ಒಂದೆರಡು ಅಂಗಡಿ. ಗೆರೆಯ ಎರಡು ಪಕ್ಕಗಳಲ್ಲಿಯೂ ಕಾಗದವು ಬೆಳ್ಳಗೆ ಉಳಿದಿತ್ತು.

ತರೀಕೆರೆಯ ಒಬ್ಬಳನ್ನು ಹತ್ತಿರ ಕರೆದು, “ಕೆರೆ ಎಲ್ಲಿ ಮಗು?” ಎಂದು ಕೇಳಿದೆವು. “ಕೆರೆ ಇದೆ ಟೀಚರ್. ನಾನು ಅತ್ತ ಕಡೆ ಹೋಗಿಲ್ಲ” ಎಂದಳು. ತರೀಕೆರೆ ಏರಿಯ ಮೇಲಿನ ಕರಿಯ ಕುರಿಮರಿಗಳ ಮಾತನ್ನು ನಾಲಗೆ ತೊಡರದಂತೆ ಹೇಳಲು ಕನ್ನಡ ನಾಡಿನ ಮಕ್ಕಳೆಲ್ಲರೂ ಯತ್ನಿಸಿರುವರು. ಆ ಊರಿನಲ್ಲಿಯೇ ಹುಟ್ಟಿ ಹದಿನಾಲ್ಕು ವರ್ಷ ಬೆಳೆದವಳು ಮಾತ್ರ ಆ ಏರಿಯನ್ನು ಹತ್ತಿದವಳಲ್ಲ!

ಮಕ್ಕಳನ್ನು ಗದರಿಸುವ ಮೊದಲು ನಾವು ನಮ್ಮ ಕೋಣೆಗೆ ಹೋಗಿ, ನಾವಿರುವ ಊರಿನ ನಕ್ಷೆಯನ್ನು ಅದೇ ಬಗೆಯಲ್ಲಿ ಬರೆದು ನೋಡಿದೆವು. ನಮ್ಮ ಕಾಗದದಲ್ಲಿಯೂ ಬಿಳಿಯ ಭಾಗವೇ ಹೆಚ್ಚಾಗಿತ್ತು. ಆದುದರಿಂದ ಗದರಿಸುವುದನ್ನು ಬಿಟ್ಟು, ಮೂರು ಶನಿವಾರ ಮೂರು ಊರುಗಳಲ್ಲಿ ಮಕ್ಕಳೊಡನೆ ನಡೆಯುವುದೆಂದು ಗೊತ್ತುಮಾಡಿದೆವು. ಆ ನಡಿಗೆಯಿಂದ ಹುಟ್ಟಿದ ಪಾಠವೇ ಇದು.

೧. ಗಾಳಿ ಎಂದರೇನು?

ಗಾಳಿ ಎಂಬ ಮಾತಿಗೆ ನಮ್ಮ ಜನರಲ್ಲಿ ಎರಡು ಅರ್ಥಗಳುಂಟು. ಮೈಗೆ ತಗಲುವ ಗಾಳಿ ಒಂದು; ಅದರ ಬಿಸಿಯನ್ನೂ ತೇವವನ್ನೂ ಅಳೆಯಬಹುದು. “ಅವಳಿಗೆ ಪಟ್ಟಣದ ಗಾಳಿ ಸೋಕಿದೆ” ಎನ್ನುವಾಗ ಹೇಳುವ ಗಾಳಿಯು ಇನ್ನೊಂದು. ಅದು ಮನಸ್ಸಿಗೆ ತಗಲತಕ್ಕದ್ದು. ಊರಿನೊಳಗೆ ನಡೆಯುವವರಿಗೆ ಈ ಎರಡೂ ಹೆಜ್ಜೆಹೆಜ್ಜೆಗೆ ಬದಲಾಗುವುವು. ಒಂದು ಬೀದಿಯಲ್ಲಿ ನಗುತ್ತ ಬಂದವಳು ತಿರುವಿನಾಚೆ ಸುಮ್ಮನಾಗುವಳು. ಇನ್ನೊಂದು ತಿರುವಿನಲ್ಲಿ ಅವಳ ಹೆಜ್ಜೆ ತಾನಾಗಿ ನಿಧಾನವಾಗುವುದು. ಇದು ಕೇವಲ ಮನಸ್ಸಿನ ಚಪಲವೆಂದು ತಳ್ಳಿಬಿಡಲಾಗದು. ಹುಡುಕಿದರೆ ಪ್ರತಿಯೊಂದಕ್ಕೂ ಕಾರಣವು ಸಿಕ್ಕುವುದು.

ಈ ವಿಷಯವನ್ನು ವಿಚಾರಿಸಿದ ಕೆಲವರ ಹೆಸರುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮೋಡಗಳಿಗೆ ಇಂದು ನಾವು ಶಾಲೆಯಲ್ಲಿ ಕಲಿಸುವ ಹೆಸರುಗಳನ್ನಿಟ್ಟ ಲ್ಯೂಕ್ ಹೋವರ್ಡ್ ಎಂಬಾತನು ಲಂಡನ್ನಿನ ಹವಾಗುಣವನ್ನು ಕುರಿತು ೧೮೧೮ರಿಂದ ೧೮೨೦ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ, ರಾತ್ರಿಯ ವೇಳೆ ನಗರದೊಳಗಿನ ಗಾಳಿಯು ಸುತ್ತಲಿನ ಹಳ್ಳಿಗಳ ಗಾಳಿಗಿಂತ ಬೆಚ್ಚಗಿರುವುದೆಂಬುದನ್ನು ಅಳೆದು ತೋರಿಸಿದನು. ಕಲ್ಲು, ಇಟ್ಟಿಗೆಗಳು ಹಗಲಿನಲ್ಲಿ ಕುಡಿದ ಬಿಸಿಲನ್ನು ರಾತ್ರಿ ಹೊರಗೆ ಬಿಡುವುವು. ಮನೆಗಳ ಒಲೆಗಳೂ ಅದಕ್ಕೆ ಕೂಡುವುವು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ೧೯೧೪ರಲ್ಲಿ ಭಾರತಕ್ಕೆ ಬಂದು ಅನೇಕ ಊರುಗಳ ಸುಧಾರಣೆಗೆ ವರದಿಗಳನ್ನು ಬರೆದರು. ಊರನ್ನು ತಿದ್ದುವ ಮೊದಲು ಅದರ ಬೀದಿಗಳಲ್ಲಿ ನಡೆದು ನೋಡಬೇಕೆಂಬುದು ಅವರ ಕ್ರಮ. ಅಮೆರಿಕದ ಕೆವಿನ್ ಲಿಂಚ್ ಎಂಬವರು ೧೯೬೦ರಲ್ಲಿ ಹೊರತಂದ ಪುಸ್ತಕಕ್ಕಾಗಿ ಬಾಸ್ಟನ್ ಮೊದಲಾದ ಮೂರು ನಗರಗಳ ನಿವಾಸಿಗಳಿಂದ, ನಾವು ಮಕ್ಕಳಿಂದ ಬರೆಸಿದಂತೆಯೇ, ನೆನಪಿನ ನಕ್ಷೆಗಳನ್ನು ಬರೆಸಿದರು. ಜನರ ಮನಸ್ಸಿನಲ್ಲಿ ಊರು ಐದು ವಸ್ತುಗಳಿಂದ ಕೂಡಿರುವುದೆಂದು ಅವರು ಕಂಡರು: ದಾರಿ, ಅಂಚು, ಕೇರಿ, ಕೂಡುವ ಸ್ಥಳ, ಗುರುತು. ಈ ಐದನ್ನು ಹಲಗೆಯ ಮೇಲೆ ಬರೆದು ನಮ್ಮ ಮಕ್ಕಳಿಗೂ ಕಲಿಸಿದೆವು.

೨. ಕಿಟಕಿಯ ಪಾಠ

ಬೀದಿಗಳ ಗಾಳಿಯನ್ನು ಅರಿಯುವ ಮೊದಲು ಊರು ಕುಳಿತಿರುವ ನೆಲವನ್ನು ಅರಿಯಬೇಕು. ಇದಕ್ಕೆ ರೈಲಿನ ಕಿಟಕಿಗಿಂತ ಒಳ್ಳೆಯ ಪುಸ್ತಕವಿಲ್ಲ. ಬೆಂಗಳೂರಿನಿಂದ ಹರಿಹರದ ಕಡೆಗೆ ೧೮೮೯ರಲ್ಲಿ ಹಾಕಿ ಮುಗಿಸಿದ ರೈಲು ದಾರಿಯು ಕಡೂರು, ಬೀರೂರುಗಳನ್ನು ದಾಟಿ ಅಜ್ಜಂಪುರದ ಮೇಲೆ ಹೋಗುವುದು. ಬೀರೂರಿನಿಂದ ಕವಲೊಡೆದು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ ಹೋಗುವ ದಾರಿಯು ೧೮೯೯ರಲ್ಲಿ ಆರಂಭವಾಯಿತು. ಹೀಗೆ ಬೀರೂರಿನಲ್ಲಿ ನಿಂತವರಿಗೆ ಎರಡು ನಾಡುಗಳ ಬಾಗಿಲುಗಳು ಒಟ್ಟಿಗೆ ಕಾಣುವುವು. ಒಂದು ಬಯಲು ಸೀಮೆಗೆ, ಇನ್ನೊಂದು ಮಲೆನಾಡಿನ ಸೆರಗಿಗೆ.

ಇದಕ್ಕೆ ಕಾರಣ ಬಾಬಾಬುಡನ್ ಬೆಟ್ಟಗಳ ಸಾಲು. ಆ ಸಾಲಿನಲ್ಲಿರುವ ಮುಳ್ಳಯ್ಯನಗಿರಿಯು ೧೯೩೦ ಮೀಟರ್ ಎತ್ತರವಾಗಿದ್ದು ಕರ್ನಾಟಕದ ಶಿಖರಗಳಲ್ಲಿ ಅತ್ಯುನ್ನತವಾದುದು. ಪಡುವಣದಿಂದ ಬರುವ ಮುಂಗಾರಿನ ಮೋಡಗಳು ಘಟ್ಟದ ಮೇಲೆಯೂ ಈ ಬೆಟ್ಟಗಳ ಮೇಲೆಯೂ ಮಳೆ ಸುರಿಸಿ ಹಗುರವಾಗಿ ಕಡೂರಿಗೆ ಬರುವುವು. ಘಟ್ಟದ ತುದಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು. ಕಡೂರಿನ ಪಾಲಿಗೆ ೬೦೦ ಮಿಲಿಮೀಟರಿನ ಆಸುಪಾಸಿನಷ್ಟೇ ಬರುವುದು. ತರೀಕೆರೆಯು ಬೆಟ್ಟದ ಬುಡಕ್ಕೆ ಸಮೀಪವಾದುದರಿಂದ ಅದಕ್ಕೆ ಇದಕ್ಕಿಂತ ಹೆಚ್ಚಿನ ಮಳೆಯೂ ಹಸುರೂ ದೊರೆತಿವೆ. ನೆಲದ ಈ ಭೇದವೇ ಮುಂದೆ ಬೀದಿಯ ಭೇದವಾಗುವುದೆಂಬುದನ್ನು ವಾಚಕರು ಗಮನಿಸಬೇಕು.

೩. ಕಡೂರು: ಹಾದುಹೋಗುವವರ ದಾರಿ, ಇರುವವರ ಬೀದಿ

ಮೊದಲನೆಯ ಶನಿವಾರ ಕಡೂರಿನ ರೈಲು ನಿಲ್ದಾಣದಲ್ಲಿ ಸೇರಿದೆವು. ಪ್ರತಿಯೊಬ್ಬಳ ಕೈಯಲ್ಲಿಯೂ ನೋಟುಬುಕ್ಕು, ಪೆನ್ಸಿಲು, ಇಬ್ಬರಿಗೊಂದರಂತೆ ಉಷ್ಣಮಾಪಕ. ನಿಯಮಗಳು ಮೂರು: ಓಡಬಾರದು; ಹರಟಬಾರದು; ಗಾಳಿ ಬದಲಾಯಿತೆಂದು ತೋರಿದೊಡನೆ ನಿಂತು ಆ ಸ್ಥಳವನ್ನು ಬರೆದುಕೊಳ್ಳಬೇಕು. ಕಾರಣವನ್ನು ಹುಡುಕುವುದು ಆಮೇಲಿನ ಮಾತು.

ಪ್ಲಾಟ್‌ಫಾರಂ ಬಯಲಾಗಿದ್ದು ದೂರದ ಮಾತೂ ಕೇಳಿಸುತ್ತಿತ್ತು. ಬಿ. ಎಚ್. ರಸ್ತೆಗೆ ಬಂದೊಡನೆ ಎಲ್ಲವೂ ಬದಲಾಯಿತು. ಲಾರಿಗಳ ಸದ್ದು, ಡೀಸೆಲ್ ಹೊಗೆ, ಅದರ ನಡುವೆ ಅಂಗಡಿಯೊಂದರಿಂದ ಕೊಬ್ಬರಿಯ ವಾಸನೆ. ಹರಟಬಾರದೆಂಬ ನಿಯಮವಿದ್ದರೂ ಮಕ್ಕಳು ಒಬ್ಬರನ್ನೊಬ್ಬರು ಕರೆಯಲು ಕೂಗಬೇಕಾಯಿತು. ಎಲ್ಲರ ನಡಿಗೆಯೂ ಬಿರುಸಾಯಿತು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆಯಾದುದರಿಂದ ಅದಕ್ಕೆ ಆ ಎರಡಕ್ಷರದ ಹೆಸರು. ಎಂದರೆ, ಅದು ಊರಿನ ನಡುವೆ ಇದ್ದರೂ ಅದರ ಹೆಸರಿನಲ್ಲಿ ಕಡೂರು ಇಲ್ಲ. ಅದು ಹಾದುಹೋಗುವವರ ದಾರಿ.

ಅಲ್ಲಿಂದ ಒಂದು ಒಳಬೀದಿಗೆ ತಿರುಗಿದೆವು. ಹತ್ತು ಹೆಜ್ಜೆಯೊಳಗೆ ಸದ್ದು ಅಡಗಿತು. ಬೀದಿ ಇಕ್ಕಟ್ಟಾದುದರಿಂದ ಒಂದು ಪಕ್ಕದ ಮನೆಗಳ ನೆರಳು ಇನ್ನೊಂದು ಪಕ್ಕಕ್ಕೆ ಮುಟ್ಟಿತ್ತು, ಉಷ್ಣಮಾಪಕವು ಇಳಿಯಿತು. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿಯೊಬ್ಬರು ಕನ್ನಡಕದ ಮೇಲಿನಿಂದ ನೋಡಿ, “ಯಾರ ಮಗಳೇ ನೀನು?” ಎಂದು ಒಬ್ಬಳನ್ನು ಕೇಳಿದರು. ಅವಳು ತಂದೆಯ ಹೆಸರನ್ನು ಹೇಳುತ್ತಲೇ ಅವಳ ಅಜ್ಜನ ಹೆಸರು, ಮನೆ, ಮದುವೆಯಾಗಿ ಹೋದ ಸೋದರತ್ತೆಯ ಊರು, ಎಲ್ಲವನ್ನೂ ಅವರು ಒಪ್ಪಿಸಿಬಿಟ್ಟರು. ಹೆದ್ದಾರಿಯಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ; ಇಲ್ಲಿ ಕೇಳದೆ ಬಿಡುವವರಿಲ್ಲ. ಜಗಲಿಯೆಂಬುದು ಮನೆಯೂ ಹೌದು, ಬೀದಿಯೂ ಹೌದು. ಅದಿರುವ ಬೀದಿಗೆ ಕಣ್ಣುಗಳುಂಟು.

ಕೋಟೆಯ ಭಾಗದಲ್ಲಿ ಗಾಳಿ ಮೂರನೆಯ ಬಾರಿ ಬದಲಾಯಿತು. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಂತೆ ಇಲ್ಲಿಯೂ ಕೋಟೆ, ಪೇಟೆಗಳೆಂಬ ಎರಡು ಜೀವಗಳುಂಟು. ಕಾವಲಿಗಾಗಿ ಹುಟ್ಟಿದುದು ಒಂದು, ವ್ಯಾಪಾರಕ್ಕಾಗಿ ಬೆಳೆದುದು ಇನ್ನೊಂದು. ಕಾವಲಿನ ಕೆಲಸ ತೀರಿದ ಕೋಟೆಯಲ್ಲಿ ಮೌನವು ಉಳಿಯುವುದು. ಕಡೂರು ಕೋಟೆಯ ಕಂಬದ ಶಾಸನವು ಕ್ರಿ. ಶ. ೯೭೧ರದು. ಗಂಗರ ದೊರೆ ಬೂತುಗನ ಅಕ್ಕ ಪಾಂಬಬ್ಬೆ ಎಂಬವಳು ಜೈನ ವ್ರತವನ್ನು ಹಿಡಿದು ಮೂವತ್ತು ವರ್ಷ ತಪಸ್ಸು ಮಾಡಿದುದನ್ನು ಅದು ತಿಳಿಸುವುದು. ಈ ಸಂಗತಿಯನ್ನು ಹೇಳಿದಾಗ ಮಕ್ಕಳು ಬೆರಳುಗಳ ಮೇಲೆ ಶತಮಾನಗಳನ್ನು ಎಣಿಸಿ ಸುಮ್ಮನಾದರು. ಸಾವಿರ ವರ್ಷಗಳ ಹಿಂದಿನ ಹೆಂಗಸೊಬ್ಬಳ ಹೆಸರು ತಮ್ಮ ಊರಿನಲ್ಲಿ ಕಲ್ಲಿನ ಮೇಲೆ ನಿಂತಿದೆಯೆಂಬುದು ಆ ಊರಿನ ಮಕ್ಕಳಿಗೇ ಹೊಸ ಸಮಾಚಾರ. ಕಡೂರು ಜಿಲ್ಲೆಯು ೧೮೬೩ರಲ್ಲಿ ಏರ್ಪಟ್ಟು, ಅದರ ಮುಖ್ಯ ಕಚೇರಿಯು ೧೮೬೫ರಲ್ಲಿ ಚಿಕ್ಕಮಗಳೂರಿಗೆ ಹೋಯಿತು. ಜಿಲ್ಲೆಗೆ ಈ ಊರಿನ ಹೆಸರು ೧೯೪೭ರವರೆಗೆ ನಡೆದುಬಂದಿತು. ಕಚೇರಿಗಳು ಬಂದು ಹೋಗುವುವು, ಹೆಸರೂ ಬದಲಾಗುವುದು. ಒಂದು ಕಂಬ ನಿಂತಿರುವುದು. ಲಿಂಚ್ ಅವರು ಹೇಳಿದ ‘ಗುರುತು’ ಎಂದರೇನೆಂಬುದನ್ನು ಬೇರೆ ವಿವರಿಸಬೇಕಾಗಲಿಲ್ಲ.

೪. ತರೀಕೆರೆ: ಏರಿಯೆಂಬ ಅಂಚು

ಎರಡನೆಯ ಶನಿವಾರ ಬೀರೂರಿನಲ್ಲಿ ರೈಲು ಬದಲಾಯಿಸಿ ತರೀಕೆರೆಗೆ ಹೋದೆವು. ಕಿಟಕಿಯ ಹೊರಗೆ ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹಿಂದಾಗಿ ಅಡಿಕೆಯ ತೋಟಗಳು ಹತ್ತಿರ ಬಂದುವು. ಎಡಗಡೆಯ ಬೆಟ್ಟಗಳು ನೀಲಿಯಿಂದ ಹಸುರಿಗೆ ತಿರುಗಿದುವು. ಇಳಿದೊಡನೆ ಅಜ್ಜಂಪುರದ ಹುಡುಗಿಯೊಬ್ಬಳು, “ಇಲ್ಲಿ ಮಣ್ಣಿನ ವಾಸನೆ ತಂಪಾಗಿದೆ” ಎಂದು ಬರೆದುಕೊಂಡಳು. ವಾಸನೆಗೆ ತಂಪುಂಟೇ ಎಂದು ವಿಜ್ಞಾನದವರು ಕೇಳಬಹುದು. ನಾವು ಆ ವಾಕ್ಯವನ್ನು ತಿದ್ದಲಿಲ್ಲ.

ಇಲ್ಲಿಯೂ ಬಿ. ಎಚ್. ರಸ್ತೆಯೇ ಊರಿನ ನಡುವೆ ಹಾದುಹೋಗುವುದು. ರಸ್ತೆ ಒಂದೇ, ಗಾಳಿ ಬೇರೆ. ಒಣಗಿದ ಕೊಬ್ಬರಿಯ ವಾಸನೆಯ ಬದಲು ಬೇಯಿಸಿದ ಅಡಿಕೆಯ ವಾಸನೆ. ಧೂಳಿನ ಬದಲು ಕೆಸರು. ಒಂದು ಕಾಲದಲ್ಲಿ ಇಲ್ಲಿಂದ ನರಸಿಂಹರಾಜಪುರದವರೆಗೆ ಸಣ್ಣ ಟ್ರಾಂ ರೈಲು ಕಾಡಿನ ನಡುವೆ ಓಡುತ್ತಿತ್ತು. ಹತ್ತಿರದ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಎರಡೂ ಈಗ ನಿಂತುಹೋಗಿವೆ. ಬೆಟ್ಟದ ಮರಕ್ಕೂ ಮಣ್ಣಿಗೂ ಬಾಗಿಲಾಗಿದ್ದ ಊರೆಂಬ ಲಕ್ಷಣವು ಮಾತ್ರ ಪೇಟೆಯ ನಡಿಗೆಯಲ್ಲಿ ಇನ್ನೂ ಕಾಣುವುದು. ಬಸವಾಪಟ್ಟಣದಿಂದ ಬಂದ ಪಾಳೆಯಗಾರರ ಮನೆತನವು ಇಲ್ಲಿ ನೆಲೆಸಿದುದಕ್ಕೂ ಬೆಟ್ಟ, ಬಯಲುಗಳ ನಡುವಿನ ಈ ಬಾಗಿಲೇ ಕಾರಣವಾಗಿರಬೇಕೆಂದು ನಮಗೆ ತೋರುವುದು.

ಕೆರೆಗೆ ದಾರಿಯನ್ನು ತೋರಿಸುವ ಭಾರವನ್ನು, ಏರಿ ಹತ್ತದ ಆ ಹುಡುಗಿಗೇ ಒಪ್ಪಿಸಿದೆವು. ಅವಳು ಎರಡು ಕಡೆ ವಿಚಾರಿಸಿ, ಒಮ್ಮೆ ದಾರಿ ತಪ್ಪಿ, ಕೊನೆಗೆ ನಮ್ಮನ್ನು ಮೇಲಕ್ಕೆ ಕರೆದೊಯ್ದಳು. ಹತ್ತುವವರೆಗೆ ಬೆವರುತ್ತಿದ್ದವರು ಮೇಲೆ ನಿಂತೊಡನೆ ತಲೆಗೂದಲನ್ನು ಹಿಡಿದುಕೊಳ್ಳಬೇಕಾಯಿತು. ಉಷ್ಣಮಾಪಕವನ್ನು ಎಲ್ಲರೂ ಸುತ್ತುಗಟ್ಟಿ ನೋಡಿದರು. ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ತೆಗೆದುಕೊಳ್ಳುವುದು. ತೆರೆದ ನೀರಿನ ಮೇಲೆ ಗಾಳಿಯನ್ನು ತಡೆಯುವ ಗೋಡೆ ಇಲ್ಲ. ಬೇಸಗೆಯ ಮಡಕೆಯ ನೀರಿಗೂ ಕೆರೆಯ ಏರಿಗೂ ಶಾಸ್ತ್ರ ಒಂದೇ. ಆದುದರಿಂದ ಕೆರೆಯೊಂದನ್ನು ಮುಚ್ಚಿ ಮನೆಗಳನ್ನು ಕಟ್ಟಿದ ಊರು ನೀರನ್ನು ಮಾತ್ರವಲ್ಲ, ತನ್ನ ಗಾಳಿಯನ್ನೂ ಕಳೆದುಕೊಳ್ಳುವುದು.

ಏರಿಯು ಒಂದು ‘ಅಂಚು’. ಅದರ ಒಂದು ಕಡೆ ನೀರು, ಇನ್ನೊಂದು ಕಡೆ ಊರು. ಎರಡನ್ನೂ ಒಟ್ಟಿಗೆ ಕಾಣಬೇಕಾದರೆ ಅಂಚಿನ ಮೇಲೆ ನಿಲ್ಲಬೇಕು. ಆ ಹುಡುಗಿ ಬಹಳ ಹೊತ್ತು ಊರಿನ ಕಡೆ ನೋಡುತ್ತಿದ್ದು, ಒಂದು ಹೆಂಚಿನ ಮಾಡನ್ನು ಗುರುತು ಹಿಡಿದು, “ನಮ್ಮ ಮನೆ ಇಷ್ಟು ಹತ್ತಿರವೇ, ಟೀಚರ್?” ಎಂದಳು.

೫. ಅಜ್ಜಂಪುರ: ಊರು ಮುಗಿಯುವ ಸ್ಥಳ

ಮೂರನೆಯ ಶನಿವಾರ ಅಜ್ಜಂಪುರ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಇತ್ತೀಚೆಗೆ ತಾನೇ ತಾಲ್ಲೂಕಿನ ಕೇಂದ್ರವಾಗಿರುವುದು. ಇಲ್ಲಿಯ ಸುತ್ತಿನಲ್ಲಿ ಎರೆಯ ಭೂಮಿ ಹೆಚ್ಚು. ಹಿಂದಿನ ದಿನ ಮಳೆಯಾಗಿದ್ದುದರಿಂದ ಕರಿಯ ಮಣ್ಣು ಪಾದರಕ್ಷೆಗಳಿಗೆ ಅಂಟಿ ಪ್ರತಿಯೊಬ್ಬಳೂ ಒಂದೊಂದು ಅಂಗುಲ ಎತ್ತರವಾದಳು. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದು, ಒಣಗಿದರೆ ಬಿರಿಯುವುದು. ಆದುದರಿಂದ ಇಲ್ಲಿ ಮಳೆಗಾಲದ ಬೀದಿಯೂ ಬೇಸಗೆಯ ಬೀದಿಯೂ ಎರಡು ಬೇರೆ ಊರುಗಳಂತೆ ತೋರುವುವು. ಪೇಟೆಯಲ್ಲಿ ಈರುಳ್ಳಿಯ ಮೂಟೆಗಳ ವಾಸನೆ ಮುಂದಾಗಿ ಬಂದು ಸ್ವಾಗತಿಸಿತು.

ಕಡೂರಿನಲ್ಲಿಯೂ ತರೀಕೆರೆಯಲ್ಲಿಯೂ ಊರು ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಇಲ್ಲಿ ಅದು ಸುಲಭ. ಸ್ವಲ್ಪ ಹೊತ್ತು ನಡೆದೆವೋ ಇಲ್ಲವೋ, ಮನೆಗಳು ಹಿಂದಾಗಿ ಆಕಾಶವು ದೊಡ್ಡದಾಯಿತು. ಅಮೃತಮಹಲ್ ತಳಿಯ ಹಸುಗಳನ್ನು ಸಾಕುವ ಸರಕಾರದ ಕೇಂದ್ರವು ಈ ಊರಿನದು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ಹಸುಗಳ ಸಂತತಿಗೆ ಟೀಪೂ ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು, ಫಿರಂಗಿಗಳನ್ನು ವೇಗವಾಗಿ ಎಳೆದೊಯ್ಯುವುದರಲ್ಲಿ ಈ ಎತ್ತುಗಳು ಹೆಸರಾಗಿದ್ದುವು. ಅವುಗಳ ಮೇವಿಗಾಗಿ ಬಿಟ್ಟ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಆಶ್ರಯಕ್ಕಾಗಿ ಸಂರಕ್ಷಣಾ ಮೀಸಲಾಗಿ ಸಾರಲಾಯಿತು. ನೋಡುವವರಿಗೆ ಬರಿಯ ಬಯಲಾಗಿ ಕಾಣುವ ಜಾಗವು ಎಷ್ಟೋ ಸಲ ಹೀಗೆ ಒಂದು ಉದ್ದೇಶಕ್ಕಾಗಿ ಉಳಿಸಿದ ಜಾಗವಾಗಿರುವುದು.

ಬಯಲಿಗೆ ಬಂದೊಡನೆ ಒಂದು ಸಂಗತಿ ನಡೆಯಿತು. ಯಾರು ಮೊದಲು ಓಡಿದರೋ ತಿಳಿಯದು. ಕ್ಷಣಮಾತ್ರದಲ್ಲಿ ತರಗತಿಯೆಲ್ಲವೂ ಓಡುತ್ತಿತ್ತು. ಮೊದಲನೆಯ ನಿಯಮವನ್ನು ಮೀರಿದ ಊರು ಇದೊಂದೇ. ಆಮೇಲೆ ಕಾರಣವನ್ನು ಕೇಳಲು, “ಇಲ್ಲಿ ಯಾರೂ ನೋಡುತ್ತಿರಲಿಲ್ಲ” ಎಂದು ಒಬ್ಬಳು ಹೇಳಿದಳು. ಆ ಉತ್ತರವನ್ನು ನಾವು ಆ ದಿನ ಪೂರ್ತಿಯಾಗಿ ಅರ್ಥಮಾಡಿಕೊಳ್ಳಲಿಲ್ಲ.

ಆ ಸಂಜೆ ವಿದ್ಯಾರ್ಥಿನಿಲಯದಲ್ಲಿ ಬಿಳಿಯ ಕಾಲುಚೀಲಗಳನ್ನು ಒಗೆಯುವಾಗ ಇನ್ನೊಂದು ಪಾಠವಾಯಿತು. ಕಡೂರಿನ ನೀರು ಮಾಸಲು ಕೆಂಪಾಗಿದ್ದಿತೆಂದೂ, ತರೀಕೆರೆಯದು ಅದಕ್ಕಿಂತ ಗಾಢವಾಗಿದ್ದಿತೆಂದೂ, ಅಜ್ಜಂಪುರದ್ದು ಕಪ್ಪೆಂದೂ ಮಕ್ಕಳು ತಾವೇ ಕಂಡುಕೊಂಡರು. ಮೂರು ಊರುಗಳ ಭೂಗೋಳವು ಬಕೀಟಿನಲ್ಲಿ ಇಳಿದಿತ್ತು.

೬. ಹೆಜ್ಜೆ ಬಿರುಸಾಗುವ ಸ್ಥಳಗಳು

ಮೂರು ನಡಿಗೆಗಳೂ ಮುಗಿದ ಮೇಲೆ ನೋಟುಬುಕ್ಕುಗಳನ್ನು ಎದುರೆದುರು ಇಟ್ಟು ನೋಡಿದೆವು. ನೆರಳು, ನೀರು, ಸದ್ದು, ವಾಸನೆ, ಇವುಗಳಿಂದ ಗಾಳಿ ಬದಲಾದ ಸ್ಥಳಗಳನ್ನು ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಗುರುತಿಸಿದ್ದರು. ಇದರಿಂದ ನಮಗೆ ಸಂತೋಷವಾಯಿತು. ಆದರೆ ನಾವು ಕಲಿಸದಿದ್ದ ಬೇರೊಂದು ಬಗೆಯ ಗುರುತುಗಳೂ ಆ ಪುಟಗಳಲ್ಲಿದ್ದುವು. “ಇಲ್ಲಿ ಬೇಗ ನಡೆದೆ.” “ಇಲ್ಲಿ ತಲೆ ತಗ್ಗಿಸಿದೆ.” “ಇಲ್ಲಿ ಗೆಳತಿಯ ಕೈ ಹಿಡಿದುಕೊಂಡೆ.” ಒಬ್ಬರದನ್ನೊಬ್ಬರು ನೋಡದೆ ಬರೆದಿದ್ದರೂ ಅವು ಒಂದೇ ಸ್ಥಳಗಳಲ್ಲಿ ಬಿದ್ದಿದ್ದುವು: ಹೆಂಡದ ಅಂಗಡಿಯ ಮೂಲೆ, ಮೋಟಾರುಸೈಕಲ್ಲುಗಳಿಗೆ ಒರಗಿ ಹುಡುಗರು ನಿಲ್ಲುವ ತಿರುವು, ದೀಪವಿಲ್ಲದ ಗೋಡೆಯ ಪಕ್ಕದ ದಾರಿ. ಇವು ಯಾವ ಊರಿನವೆಂದು ಹೇಳುವುದು ಬೇಡ. ಇಂಥ ಸ್ಥಳಗಳಿಲ್ಲದ ಊರು ಎಲ್ಲಿದೆ?

ಉಷ್ಣಮಾಪಕವು ಇವನ್ನು ತೋರಿಸಿರಲಿಲ್ಲ. ಮುಂದುಗಡೆ ನಡೆಯುತ್ತಿದ್ದ ನಾವೂ ಗಮನಿಸಿರಲಿಲ್ಲ. ವಯಸ್ಸಾದ ಹೆಂಗಸರಿಗೆ ದಾರಿ ಬಿಡುವ ಜನರು ಹುಡುಗಿಯರಿಗೆ ಬಿಡದಿರಬಹುದೆಂಬುದನ್ನು ನಾವು ಮರೆತಿದ್ದೆವು. ಒಂದೇ ಬೀದಿಯ ಗಾಳಿ ಎಲ್ಲರಿಗೂ ಒಂದೇ ಅಲ್ಲ. ಬಯಲಿನಲ್ಲಿ ಅವರೇಕೆ ಓಡಿದರೆಂಬುದೂ ಆಗ ನಮಗೆ ತಿಳಿಯಿತು. ನಕ್ಷೆಯಲ್ಲಿ ಊರು ಒಂದೇ ಗೆರೆಯಾದುದು ಮಕ್ಕಳ ಸೋಮಾರಿತನದಿಂದಲ್ಲ.

ಆದುದರಿಂದ ಒಂದು ಸಂಜೆ ನಾಲ್ಕೈದು ಮಂದಿ ತಾಯಂದಿರನ್ನು ಕೂಡಿಕೊಂಡು ಅಂಥ ಒಂದು ದಾರಿಯಲ್ಲಿ ಮತ್ತೆ ನಡೆದೆವು. ಅವರಲ್ಲಿ ಸಂತೆಯಲ್ಲಿ ತರಕಾರಿ ಮಾರಿ ಮಗಳನ್ನು ಓದಿಸುತ್ತಿರುವ ತಾಯಿಯೊಬ್ಬರಿದ್ದರು. ಅವರೆಂದರು: “ಸಂತೆ ದಿನ ಈ ಮೂಲೇಲಿ ಏನೂ ಭಯ ಇಲ್ಲ ಕಣಮ್ಮ. ನಾವು ಹೆಂಗಸರು ಸಾಲಾಗಿ ಕೂತಿರ್ತೀವಿ. ಸಂತೆ ಎದ್ದ ಮೇಲೇನೆ ಇದು ಹಿಂಗಾಗೋದು.” ನ್ಯೂಯಾರ್ಕಿನಲ್ಲಿದ್ದ ಜೇನ್ ಜೇಕಬ್ಸ್ ಎಂಬ ಮಹಿಳೆ, ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಮೊದಲು ಅಲ್ಲಿ ವ್ಯವಹರಿಸುವ ಜನರ ಕಣ್ಣುಗಳೆಂದು ೧೯೬೧ರಲ್ಲಿ ಒಂದು ಪುಸ್ತಕದಲ್ಲಿ ವಾದಿಸಿ ನಗರ ನಿರ್ಮಾಪಕರ ಮನಸ್ಸನ್ನು ತಿರುಗಿಸಿದರು. ಅದೇ ತತ್ತ್ವವನ್ನು ಆ ತಾಯಿ ಸಂತೆಯ ನೆಲದಲ್ಲಿ ಕುಳಿತು ಕಂಡಿದ್ದರು. ಕಡೂರಿನ ಜಗಲಿಯ ಅಜ್ಜಿಯ ಪ್ರಶ್ನೆಯೂ ಈ ಕಾವಲಿನ ಒಂದು ಭಾಗವೇ.

ಕಾರಣವನ್ನ ಅರಿತ ಮೇಲೆ ಪರಿಹಾರವನ್ನು ಕೇಳಬಹುದಷ್ಟೆ. ಮಕ್ಕಳು ತಾವೇ ನಕ್ಷೆ ಬರೆದು, ಎರಡು ಸ್ಥಳಗಳಲ್ಲಿ ದೀಪ ಬೇಕೆಂದು ಸಂಬಂಧಪಟ್ಟವರಿಗೆ ಮನವಿ ಕಳುಹಿಸಿದರು. ಒಂದು ದೀಪ ಬಂದಿತು. ಇನ್ನೊಂದಕ್ಕಾಗಿ ಎರಡನೆಯ ಮನವಿಯನ್ನು ಈಗಿನ ಒಂಬತ್ತನೆಯ ತರಗತಿಯವರು ಬರೆಯುತ್ತಿರುವರು.

೭. ಪೋಷಕರಲ್ಲಿ ಬಿನ್ನಹ

ಈ ನಡಿಗೆಗಳ ಸುದ್ದಿ ಮನೆಗಳಿಗೆ ಮುಟ್ಟಿದ ಮೇಲೆ ಕೆಲವು ಪೋಷಕರು ನಮ್ಮನ್ನು ಕಂಡು, ಹೆಣ್ಣುಮಕ್ಕಳನ್ನು ಬೀದಿ ಸುತ್ತಿಸುವುದು ಯಾವ ಪಾಠವೆಂದು ಕೇಳಿದರು. ಅವರ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಅದಕ್ಕೆ ಆಧಾರವುಂಟೆಂಬುದಕ್ಕೆ ಮಕ್ಕಳ ನೋಟುಬುಕ್ಕುಗಳೇ ಸಾಕ್ಷಿ. ಆದರೆ ಅವೇ ನೋಟುಬುಕ್ಕುಗಳು ಇನ್ನೊಂದನ್ನೂ ಹೇಳುವುವು: ಮನೆಯಿಂದ ಬಸ್ಸಿಗೆ ಹೋಗುವ ಒಂದೇ ಗೆರೆಯ ಮೇಲೆಯೂ ಆ ಸ್ಥಳಗಳಿದ್ದುವು. ಆ ದಾರಿಯಲ್ಲಿ ಅವಳು ದಿನವೂ ಒಬ್ಬಳೇ ಹೋಗುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಬೇರೆ ದಾರಿಯನ್ನು ಅರಿಯದವಳಿಗೆ ಆಯ್ಕೆಯೆಂಬುದೇ ಇಲ್ಲ. ಬಿಳಿಯ ಕಾಗದವು ಹುಡುಗಿಯನ್ನು ಕಾಪಾಡುವುದಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ತಿಂಗಳಿಗೊಮ್ಮೆಯಾದರೂ ತಾಯಿಯಾಗಲಿ ತಂದೆಯಾಗಲಿ ಮಗಳೊಡನೆ ಊರಿನ ಒಂದು ಹೊಸ ಬೀದಿಯಲ್ಲಿ ನಡೆಯಿರಿ. ಗುರುತಿನವರ ಜಗಲಿಗಳನ್ನು ತೋರಿಸಿರಿ, ಹಳೆಯ ಕಲ್ಲುಗಳನ್ನು ತೋರಿಸಿರಿ, ಕೆರೆಯನ್ನು ತೋರಿಸಿರಿ. ಎಲ್ಲಿ ಅವಳ ಹೆಜ್ಜೆ ಬಿರುಸಾಗುವುದೋ ಅಲ್ಲಿ ಗದರದೆ ಕಾರಣ ಕೇಳಿರಿ. ಊರಿನ ಗಾಳಿ ಸೋಕಿದ ಹುಡುಗಿ ಕೆಡುವಳೆಂಬ ಮಾತು ಹಳೆಯದು. ಯಾವ ಬೀದಿಯಲ್ಲಿ ಯಾವ ಗಾಳಿಯೆಂಬುದನ್ನು ಬಲ್ಲವಳು ಕಾಲೇಜಿಗೆಂದೋ ಕೆಲಸಕ್ಕೆಂದೋ ಕಾಣದ ಪಟ್ಟಣಕ್ಕೆ ಹೋದಾಗಲೂ ದಾರಿಯನ್ನು ಓದಿಕೊಳ್ಳಬಲ್ಲಳೆಂಬುದು ನಮ್ಮ ಅನುಭವ.

ವರ್ಷದ ಕೊನೆಯಲ್ಲಿ ಮಕ್ಕಳಿಂದ ಮತ್ತೊಮ್ಮೆ ನಕ್ಷೆಗಳನ್ನು ಬರೆಸಿದೆವು. ತರೀಕೆರೆಯ ಆ ಹುಡುಗಿ ಮೊದಲು ಏರಿಯ ಗೆರೆಯನ್ನು ಎಳೆದು, ಆಮೇಲೆ ಅದರ ಕೆಳಗೆ ತನ್ನ ಮನೆಯನ್ನು ಬರೆದಳು.

ಅಭ್ಯಾಸ
(ಹಳೆಯ ವಿದ್ಯಾರ್ಥಿನಿಯರಿಗೆ)

೧. ನೀವೀಗ ವಾಸಿಸುವ ಊರಿನ ಅಥವಾ ಬಡಾವಣೆಯ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಬಿಳಿಯಾಗಿ ಉಳಿದ ಭಾಗ ಎಷ್ಟು?

೨. ನಿಮ್ಮ ಮನೆಯಿಂದ ಸಂತೆ ಅಥವಾ ಮಾರುಕಟ್ಟೆಗೆ ಹೋಗುವಾಗ ಗಾಳಿ ಎಷ್ಟು ಕಡೆ ಬದಲಾಗುವುದು? ಪ್ರತಿಯೊಂದಕ್ಕೂ ಕಾರಣವನ್ನು ಕೊಡಿರಿ.

೩. ನೀವು ಶಾಲೆಗೆ ಬರುತ್ತಿದ್ದ ದಾರಿಯಲ್ಲಿ ನಿಮ್ಮ ಹೆಜ್ಜೆ ಬಿರುಸಾಗುತ್ತಿದ್ದ ಸ್ಥಳವೊಂದನ್ನು ನೆನೆಯಿರಿ. ಅದು ಈಗ ಹೇಗಿದೆ? ನಿಮ್ಮ ಮಗಳು ಅಲ್ಲಿ ಹೇಗೆ ನಡೆಯುವಳು?

ಉತ್ತರಗಳನ್ನು ಅಂಚೆಯ ಮೂಲಕ ಶಾಲೆಗೆ ಕಳುಹಿಸಬಹುದು. ಅಂಕಗಳನ್ನು ಕೊಡುವುದಿಲ್ಲ, ಓದಿ, ತರಗತಿಯಲ್ಲಿ ಮಕ್ಕಳಿಗೆ ತೋರಿಸುವೆವು.